ಮೇಣದ ವಾಸನೆ ಹಿಡಿದು ಬಂದ ಜೇನು

ಗೂಡು ಕಳೆದುಕೊಂಡ ಜೇನುಹುಳವೊಂದು ಮೇಣದ ವಾಸನೆ ಹಿಡಿದು ಅಡುಗೆಮನೆಗೆ ಬಂತು. ಅಲ್ಲಿ ಹಳೆಯ ಸೀರೆಯ ತುಂಡೊಂದು ಮೈತುಂಬ ಮೇಣ ಕುಡಿದು, ಮೊಸರಿನ ಬಟ್ಟಲಿಗೆ ಮುಚ್ಚಳವಾಗಿ ಕೂತಿತ್ತು.

"ಇದು ನಮ್ಮ ಮನೆಯ ಗೋಡೆ. ಮರಿಗಳೆಲ್ಲಿ?" ಎಂದಿತು ಜೇನು.

"ನಾನರಿಯೆ ತಾಯಿ," ಎಂದಿತು ಬಟ್ಟೆ. "ಮೇಣ ಕರಗಿಸಿ ನನಗೆ ಸವರಿ, ಮೇಲೆ ಇಸ್ತ್ರಿ ಎಳೆದರು. ಇನ್ನು ಪ್ಲಾಸ್ಟಿಕ್ ಬೇಡವಂತೆ, ಲೋಕಕ್ಕೆ ಒಳ್ಳೆಯದಂತೆ."

"ಲೋಕಕ್ಕೋ! ನಾವು ಎಲ್ಲಿಯವರೋ?"

"ಸಿಟ್ಟಾಗಬೇಡ. ಒಮ್ಮೆ ಮಾಡಿದರೆ ತೊಳೆದು ತೊಳೆದು ಬಳಸುತ್ತಾರೆ. ಮೇಣ ಸವೆದರೆ ಮತ್ತೆ ಬಳಿಯುತ್ತಾರೆ."

"ಆಗ ಯಾರ ಮನೆ ಕರಗಿಸುತ್ತಾರೆ?"

ಜೇನು ಬಟ್ಟೆಯ ಮಡಿಕೆಯೊಳಗೆ ಸರಿದು, ತಾನೇ ಕಟ್ಟಿದ್ದ ಮೇಣಕ್ಕೆ ಮುಖ ಒತ್ತಿ ಮಲಗಿತು.

"ಅಯ್ಯೋ, ಹುಳ!" ಎಂದು ಮನೆಯೊಡತಿ ಬಟ್ಟೆಯನ್ನು ಕಿಟಕಿಯಾಚೆ ಕೊಡವಿ, ಮತ್ತೆ ಬಟ್ಟಲಿಗೆ ಬಿಗಿದಳು.