ಹಿಮ್ಮಡಿಯ ಸದ್ದು

ನದಿ ಬಾಗುವ ಕಡೆ ಒಂದು ಆಶ್ರಮವಿತ್ತು. ಅಲ್ಲಿ ಮುಪ್ಪಿನಯ್ಯ ಎಂಬ ಗುರು. ಅವರ ಕೈಗುಣ ಒಳ್ಳೆಯದೆಂದು ಸುತ್ತಲಿನವರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು.

ಬೆಳಗ್ಗೆ ಗುರು ಧ್ಯಾನಕ್ಕೆ ಕೂತರೆ ಶಿಷ್ಯರೆಲ್ಲ ಅವರ ಬಾಗಿಲ ಮುಂದೆ ತುದಿಗಾಲಲ್ಲಿ ಓಡಾಡುತ್ತಿದ್ದರು. ಯಾರು ಯಾವಾಗ ಶುರು ಮಾಡಿದರೋ, ಅದೇ ಅಲ್ಲಿನ ಮರ್ಯಾದೆಯಾಗಿಬಿಟ್ಟಿತ್ತು. ಕೇತಯ್ಯ ಎಂಬ ಶಿಷ್ಯನಂತೂ ಧ್ಯಾನ ಮುಗಿದ ಮೇಲೂ ಹಾಗೇ ನಡೆಯುತ್ತಿದ್ದ. ಗುರುವೆಂದರೆ ಅವನಿಗೆ ಅಷ್ಟು ಪ್ರೀತಿ, ಅಷ್ಟೇ ಹೆದರಿಕೆ.

ಒಂದು ಮಂಜಿನ ಬೆಳಗ್ಗೆ ನೀಲವ್ವ ಎಂಬ ಹೆಂಗಸು ಮಗಳು ಹೊನ್ನಿಯನ್ನು ಕರೆದುಕೊಂಡು ಬಂದಳು. ಮಗುವಿಗೆ ಇನ್ನೂ ಹಾಲುಹಲ್ಲು. ಕಾಲ್ಬೆರಳ ತುದಿಯ ಮೇಲೆಯೇ ಮಂಜಿನೊಳಗಿಂದ ತೇಲಿಕೊಂಡು ಬಂದ ಹಾಗೆ ಬಂತು.

"ನಡೆಯೋಕೆ ಶುರು ಮಾಡಿದಾಗಿಂದ ಹೀಗೇ ಅಯ್ಯಾ," ಎಂದಳು ನೀಲವ್ವ. "ಹಿಮ್ಮಡಿ ಊರೋದೇ ಇಲ್ಲ. ಗಾಳಿ ಸೋಕಿದೆ ಅಂತಾರೆ ನಮ್ಮತ್ತೆ. ಬರೋ ಹುಣ್ಣಿಮೆ ಒಳಗೆ ಸರಿಹೋಗದಿದ್ರೆ ಮೀನಖಂಡಕ್ಕೆ ಬರೆ ಹಾಕಿಸ್ತಾರಂತೆ. ಕಬ್ಬಿಣ ಆಗಲೇ ತರಿಸಿಟ್ಟಿದ್ದಾರೆ."

ಹೇಳುತ್ತಾ ಹೇಳುತ್ತಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಗುರು ಮಗುವನ್ನು ಚಾಪೆಯ ಮೇಲೆ ಮಲಗಿಸಿದರು. ಬೆನ್ನು ತಡವಿದರು. ಕಾಲು ನೀಡಿಸಿ, ಪಾದವನ್ನು ಮೆಲ್ಲಗೆ ಮೇಲಕ್ಕೆ ಒತ್ತಿದರು. ಸ್ವಲ್ಪ ಬಿಗಿಯಿತ್ತು, ಆದರೂ ಬಾಗಿತು.

"ತಿಂಗಳು ತುಂಬಿ ಹುಟ್ಟಿದ ಮಗುವೇ?"

"ಹೂಂ ಅಯ್ಯಾ."

"ಮಾತು?"

"ಬಾಯಿ ಮುಚ್ಚೋದೇ ಕಷ್ಟ."

"ನಡಿಗೆ ಮೊದಲು ನೆಟ್ಟಗಿದ್ದು ಆಮೇಲೆ ಕೆಟ್ಟಿತೇ?"

"ಇಲ್ಲ. ಮೊದಲಿಂದಲೂ ಇಷ್ಟೇ."

"ರೋಗವೇನೂ ಕಾಣಲಿಲ್ಲ ತಾಯಿ."

"ಮತ್ತೆ ಯಾಕೆ ಹೀಗೆ?"

"ಗೊತ್ತಿಲ್ಲ," ಎಂದರು ಗುರು.

ಕೇತಯ್ಯನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಗುರುವಿನ ಬಾಯಲ್ಲಿ ಇಂಥ ಮಾತೇ?

"ತಾಯಿ ಮಗಳು ಇಬ್ಬರೂ ಇಲ್ಲೇ ಇರಲಿ," ಎಂದು ಗುರು ಅವನ ಕಡೆ ತಿರುಗಿದರು. "ಮಗುವನ್ನು ನೀನು ನೋಡಿಕೋ."

ನೋಡಿಕೋ ಎಂದರೆ ನೋಡುತ್ತಾ ಕೂರುವ ಆಸಾಮಿಯೇ ನಮ್ಮ ಕೇತಯ್ಯ? ಬಿದಿರು ಸೀಳಿ, ಬಟ್ಟೆ ಸುತ್ತಿ, ಮಗುವಿನ ಎರಡೂ ಕಾಲಿಗೆ ದಬ್ಬೆ ಕಟ್ಟಿಯೇಬಿಟ್ಟ. ಎದ್ದರೆ "ಹಿಮ್ಮಡಿ, ಹಿಮ್ಮಡಿ" ಎಂದು ಹಿಂದೆಯೇ ಗದರುತ್ತಾ ಸುತ್ತಿದ, ಅದೂ ತುದಿಗಾಲಲ್ಲಿ. ಹೊನ್ನಿ ಅವನ ಮಾತು ಕೇಳುತ್ತಿತ್ತು. ಅವನ ಕಾಲನ್ನೂ ನೋಡುತ್ತಿತ್ತು.

ಸ್ವಲ್ಪ ದಿನಕ್ಕೆ ಮಗು ನಡೆಯುವುದನ್ನೇ ಬಿಟ್ಟಿತು. ಗೋಡೆಗೊರಗಿ ಕೂತರೆ ಕೂತೇ ಇರುತ್ತಿತ್ತು. ನೀಲವ್ವ ದಿನಾ ಆಕಾಶ ನೋಡುವಳು. ಚಂದ್ರ ದಪ್ಪವಾಗುತ್ತಾ ಬಂದಿದ್ದ.

ಗುರು ಬಂದು ಮಗುವಿನ ಪಕ್ಕ ಕೂತು ಕಟ್ಟು ಬಿಚ್ಚಿದರು.

"ಕೈಯಲ್ಲಿ ಒತ್ತಿದರೂ ಪಾದ ಬಾಗದಿದ್ದರೆ ಕಟ್ಟಬೇಕಾಗುತ್ತಿತ್ತು. ಇದು ಬಾಗುತ್ತದಲ್ಲ. ಯಾಕೆ ಕಟ್ಟಿದೆ?"

"ಹಿಮ್ಮಡಿ ಇಳಿಸೋಣ ಅಂತ."

"ಕೂತುಬಿಟ್ಟಿತಲ್ಲಪ್ಪ ಮಗು."

ಕೇತಯ್ಯ ತಲೆ ತಗ್ಗಿಸಿದ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

"ಮಗುವಿನ ಎದುರಿಗೆ ಕುಕ್ಕರುಗಾಲಲ್ಲಿ ಕೂರು. ಹಿಮ್ಮಡಿ ನೆಲಕ್ಕೆ ಊರಿ ಕೂರಬೇಕು."

ಕೂರಲು ಹೋದ. ಹಿಮ್ಮಡಿ ಇಳಿಯಲೇ ಇಲ್ಲ. ಬಲವಂತವಾಗಿ ಇಳಿಸಿದ್ದೇ ತಡ, ಹಿಂದಕ್ಕೆ ಮಗುಚಿ ಅಂಗಾತ ಬಿದ್ದ.

ಹೊನ್ನಿ ಕಿಲಕಿಲ ನಕ್ಕಿತು. "ಅವ್ವಾ, ಈ ಮಾವನಿಗೂ ಬರಲ್ಲ."

"ತುದಿಗಾಲು ನಿನಗೆ ಯಾರು ಕಲಿಸಿದರು?" ಎಂದು ಗುರು ಕೇತಯ್ಯನನ್ನು ಕೇಳಿದರು.

"ನಿಮ್ಮ ಧ್ಯಾನ ಕೆಡಬಾರದು ಅಂತ..."

ಗುರು ನದಿಯ ಕಡೆ ಕೈ ತೋರಿಸಿದರು. "ಇಬ್ಬರೂ ಮರಳಿಗೆ ಹೋಗಿ. ಹಿಮ್ಮಡಿಯಲ್ಲಿ ಗುಳಿ ತೋಡಿ," ಎಂದರು.

ಮಾರನೆಯ ಬೆಳಗಿನಿಂದ ಇಬ್ಬರೂ ನದಿಯಂಚಿನ ಒದ್ದೆ ಮರಳಿಗೆ ಇಳಿದರು. ಮಂಜಿನಲ್ಲಿ ಆಚೆ ದಡ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹಿಮ್ಮಡಿ ಒತ್ತಿದರೆ ಗುಳಿ, ಗುಳಿಯಲ್ಲಿ ನೀರು, ನೀರಲ್ಲಿ ಒಂದು ತುಣುಕು ಆಕಾಶ. ಅಲೆ ಬಂದರೆ ಕೆಲವು ಗುಳಿಗೆ ಮರಿಮೀನೂ ಸಿಗುತ್ತಿತ್ತು.

ಮೀನು ಬೇಕೆಂದರೆ ಗುಳಿ ಆಳ ಬೇಕು. ಹೊನ್ನಿ ಹಿಮ್ಮಡಿ ಒತ್ತಿತು. ಮೀನು ನೋಡಬೇಕೆಂದರೆ ಕುಕ್ಕರುಗಾಲಲ್ಲಿ ಕೂರಬೇಕು. ಕೂತಿತು. ಸಂಜೆ ನೀಲವ್ವ ಮಗಳ ಮೀನಖಂಡಕ್ಕೆ ಎಣ್ಣೆ ತೀಡಿ, ಗುರು ತೋರಿಸಿಕೊಟ್ಟಂತೆ ಪಾದವನ್ನು ಮೇಲಕ್ಕೆ ಒತ್ತಿ ಹಿಡಿಯುವಳು. ಕೇತಯ್ಯ ತನ್ನ ಕಾಲನ್ನು ತಾನೇ ಹಿಡಿದುಕೊಂಡು ನರಳುವನು.

"ಅಳಬೇಡ ಮಾವ," ಎಂದು ಹೊನ್ನಿ ಸಮಾಧಾನ ಮಾಡುತ್ತಿತ್ತು.

ಹುಣ್ಣಿಮೆಯ ದಿನ ಅತ್ತೆ ಬಂದಳು. ಸೆರಗಿನಲ್ಲಿ ಸುತ್ತಿದ ಕಬ್ಬಿಣದ ಸರಳು ಕೈಯಲ್ಲೇ ಇತ್ತು.

ಹೊನ್ನಿ ಅಂಗಳದಲ್ಲಿ ಹಿಮ್ಮಡಿ ಊರಿಕೊಂಡು ಬಂತು. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. ಅಷ್ಟರಲ್ಲಿ ಮಗುವಿಗೆ ಅಜ್ಜಿಯ ಗುರುತು ಸಿಕ್ಕಿತು. ಖುಷಿಗೆ ತುದಿಗಾಲೇರಿ ಓಡತೊಡಗಿತು.

"ನೋಡಿದಿರಾ ಅಯ್ಯಾ? ಗಾಳಿ ಇನ್ನೂ ಹೋಗಿಲ್ಲ," ಎಂದಳು ಅತ್ತೆ. ಸರಳಿನ ಸುತ್ತು ಬಿಚ್ಚತೊಡಗಿದಳು.

ಕೇತಯ್ಯ ಹೋಗಿ ಅವಳಿಗೆ ಅಡ್ಡ ನಿಂತ. ಗುರು ಕೂತಲ್ಲಿಂದಲೇ ಕರೆದರು.

"ಹೊನ್ನೀ, ಮೀನು."

ಮಗು ಅಲ್ಲೇ ನಿಂತಿತು. ಹಿಮ್ಮಡಿ ಎರಡೂ ಮೆಲ್ಲಗೆ ಇಳಿದವು. ಕುಕ್ಕರುಗಾಲಲ್ಲಿ ಕೂತು ನೆಲದಲ್ಲಿ ಹುಡುಕಿತು.

"ಇಳಿಯೋಕೆ ಬರುತ್ತೆ ತಾಯಿ," ಎಂದರು ಗುರು. "ಖುಷಿಯಾದಾಗ ಏರುತ್ತೆ. ಎಣ್ಣೆ, ಮರಳು ಬಿಡಬೇಡಿ. ಬೆಳೀತಾ ಬೆಳೀತಾ ಏರೋದು ಕಡಿಮೆಯಾಗಬಹುದು. ಬಿಗಿ ಜಾಸ್ತಿಯಾದರೆ ಮತ್ತೆ ಕರಕೊಂಡು ಬನ್ನಿ. ಆ ಸರಳು ನನಗೆ ಕೊಟ್ಟು ಹೋಗಿ, ಬಾಗಿಲಿಗೆ ಅಗುಳಿ ಇಲ್ಲ."

ಮುದುಕಿ ಬಹಳ ಹೊತ್ತು ಮೊಮ್ಮಗಳನ್ನೇ ನೋಡಿದಳು. ಆಮೇಲೆ ಸರಳನ್ನು ಜಗಲಿಯ ಮೇಲಿಟ್ಟಳು. ನೀಲವ್ವ ಕಂಬ ಹಿಡಿದುಕೊಂಡು ಅತ್ತಳು.

ಹೊರಡುವಾಗ ಹೊನ್ನಿ ಕೇತಯ್ಯನಿಗೆ ಬೆರಳು ತೋರಿಸಿ ಗದರಿತು. "ಮಾವ, ಹಿಮ್ಮಡಿ."

ಮರುದಿನ ಬೆಳಗ್ಗೆ ಗುರು ಕಣ್ಣು ಮುಚ್ಚಿ ಕೂತಿದ್ದರು. ಉಳಿದ ಶಿಷ್ಯರು ತುದಿಗಾಲಲ್ಲಿ ದಾಟಿ ಹೋದರು. ಕೇತಯ್ಯ ಬಾಗಿಲ ಬಳಿ ಒಂದು ಗಳಿಗೆ ನಿಂತ. ಆಮೇಲೆ ಪೂರ್ತಿ ಪಾದ ಊರಿ ನಡೆದ. ಹಲಗೆಯ ನೆಲ ಧಪ್ ಧಪ್ ಎಂದಿತು.

"ಯಾರದು?" ಎಂದರು ಗುರು, ಕಣ್ಣು ತೆರೆಯದೆ.

"ನಾನು, ಕೇತಯ್ಯ. ಧ್ಯಾನ ಕೆಟ್ಟಿತೇ ಅಯ್ಯಾ?"

"ಬಾ ಒಳಗೆ. ಇಷ್ಟು ವರ್ಷ ನಿಮ್ಮಲ್ಲಿ ಯಾರಾದರೂ ಒಳಗೆ ಬರುತ್ತಾರೇನೋ ಎಂದು ಕಾಯುತ್ತಾ ಕೂತಿದ್ದೆ."