ಕಪ್ಪು ಕಬ್ಬಿಣದ ಕಾವು

"ಕಣ್ಣಿಗೆ ಕಾಣದ ನಕ್ಷತ್ರಗಳೂ ಕಿರಣ ಬೀರುತ್ತವೆ ಎಂದಿರಿ. ಕಾಣದ ಮೇಲೆ ಅದನ್ನು ಬೆಳಕು ಎನ್ನುವುದು ಹೇಗೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಕುಲುಮೆಗೆ ಹಾಕಿದ ಕಬ್ಬಿಣ ಮೊದಲು ಕಪ್ಪಗಿದ್ದುಕೊಂಡೇ ಶಾಖ ಬೀರುತ್ತದೆ. ಕಾವೇರಿದ ಹಾಗೆ ಕೆಂಪಾಗುತ್ತದೆ, ಆಮೇಲೆ ಬೆಳ್ಳಗಾಗುತ್ತದೆ. ನಕ್ಷತ್ರಗಳೂ ಹಾಗೆಯೇ. ಕೆಂಪಿನ ಈಚೆಗೂ ನೇರಳೆಯ ಆಚೆಗೂ ಕಿರಣವಿದೆ, ನಡುವಿನ ಒಂದು ತುಣುಕು ಮಾತ್ರ ಕಣ್ಣಿಗೆ ದಕ್ಕುತ್ತದೆ. ಇದನ್ನು ಚೆನ್ನಾಗಿ ಬಲ್ಲ ಒಬ್ಬ ಕಮ್ಮಾರನಿದ್ದ."

ಕೆಲಸ ಕಲಿಯಲು ಬಂದವರಿಗೆಲ್ಲ ಕಮ್ಮಾರ ಮೊದಲ ದಿನವೇ ಹೇಳುತ್ತಿದ್ದ: "ಕೆಂಪಗಿರೋದಕ್ಕೆ ಹೆದರಬೇಡ್ರಪ್ಪ, ಅದು ತಾನೇ ಹೇಳ್ತದೆ. ಕಪ್ಪಗಿರೋದನ್ನ ಮುಟ್ಟೋ ಮೊದ್ಲು ಕೈ ಹತ್ರ ಹಿಡಿದು ನೋಡಿ."

ಅವನ ಹೆಂಡತಿ ಎದುರಿಗೆ ಕೂತು ತಿದಿ ಒತ್ತಿ ಬೆಂಕಿಗೆ ಗಾಳಿ ಹಾಕುತ್ತಿದ್ದಳು. ಒಮ್ಮೆ ಯಾವುದೋ ಸಿಟ್ಟಿನಲ್ಲಿ ಅವನು ನಾಲ್ಕು ಜನರ ಮುಂದೆ ಅವಳ ತವರನ್ನು ಹೀನಾಯವಾಗಿ ಜರೆದ. ಅಂದಿನಿಂದ ಅವಳು ನಗುವುದನ್ನು ಬಿಟ್ಟಳು. ಕೇಳಿದ್ದಕ್ಕಷ್ಟೇ ಉತ್ತರ. ತಪ್ಪಾಯಿತು ಎನ್ನಬೇಕೆಂದು ಅವನಿಗೂ ಅನ್ನಿಸಿತು, ಆದರೆ ಮಹಾರಾಯನಿಗೆ ಬಿಗುಮಾನ. ಇವಳ ಮನಸ್ಸು ಪೂರ್ತಿ ಆರಿಹೋಗಿದೆ, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡು ತಾನೂ ಸುಮ್ಮನಾದ. ಇಬ್ಬರೂ ಒಂದೇ ಬೆಂಕಿಯ ಎದುರುಬದುರು ಕೂತು ಹಾಗೆಯೇ ಮುದುಕರಾದರು. ಒಂದು ಮಳೆಗಾಲ ಅವಳು ಜ್ವರ ಬಂದು ತೀರಿಕೊಂಡಳು.

ತಿಥಿ ಮುಗಿಸಿ ಕಮ್ಮಾರ ಮತ್ತೆ ಕುಲುಮೆ ಹೊತ್ತಿಸಿದ. ಒಂದು ಕುಡುಗೋಲು ಬಡಿದು ಪಕ್ಕಕ್ಕಿಟ್ಟ. ಅದರ ಕೆಂಪು ಇಳಿದು ಕಪ್ಪಾಯಿತು. ಎಂದಿನಂತೆ ಕೈ ಚಾಚಿ ಎತ್ತಿಕೊಂಡ. ಅಂಗೈ ಚುರ್ರೆಂದು ಸುಟ್ಟಿತು.

ನೋವಿಗಿಂತ ಹೆಚ್ಚಾಗಿ ಅವನಿಗೆ ಆಶ್ಚರ್ಯವಾಯಿತು. ಊರಿಗೆಲ್ಲ ಪಾಠ ಹೇಳುವ ತಾನು ಕೈ ಹತ್ತಿರ ಹಿಡಿದು ನೋಡುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೂ ಒಮ್ಮೆಯೂ ಸುಟ್ಟಿರಲಿಲ್ಲ. ಅದು ತನ್ನ ಕೈಚಳಕ ಎಂದೇ ಅವನು ತಿಳಿದಿದ್ದ. ತಿದಿಯ ಪಕ್ಕದಲ್ಲಿ ಅವಳ ಇಕ್ಕಳ ಕಾಣಿಸಿತು. ತಿದಿ ಒತ್ತುವವಳಿಗೆ ಇಕ್ಕಳ ಯಾಕೆ ಎಂದು ಅವನು ಎಂದೂ ಕೇಳಿರಲಿಲ್ಲ. ಈಗ ಹೊಳೆಯಿತು: ಅವನು ಪಕ್ಕಕ್ಕಿಟ್ಟ ಪ್ರತಿಯೊಂದು ಕಬ್ಬಿಣವನ್ನೂ ಅವಳು ಅದರಲ್ಲಿ ಹಿಡಿದು ದೂರ ಸರಿಸಿ, ತಣ್ಣಗಾದ ಮೇಲಷ್ಟೇ ಅವನ ಕೈಗೆಟಕುವಲ್ಲಿ ಇಡುತ್ತಿದ್ದಳು. ನಗುವುದನ್ನು ಬಿಟ್ಟ ಮೇಲೂ ಆ ಕೆಲಸವನ್ನು ಅವಳು ಒಂದು ದಿನವೂ ಬಿಟ್ಟಿರಲಿಲ್ಲ.

ಕಮ್ಮಾರ ಸುಟ್ಟ ಕೈ ಹಿಡಿದುಕೊಂಡು ಅವಳ ಖಾಲಿ ಮಣೆಯ ಮುಂದೆ ಕೂತು ಅತ್ತ.

ಶಿಷ್ಯ ನಿಟ್ಟುಸಿರು ಬಿಟ್ಟು, "ಕೊನೆಗಾದರೂ ಅವನಿಗೆ ತಿಳಿಯಿತಲ್ಲ, ಗುರುಗಳೇ" ಎಂದ.

"ಅವಳು ನಕ್ಷತ್ರವಾಗಿದ್ದರೆ, ಅವಳಿಗೇನೂ ಹೇಳದೆ ಬರೀ ತಿಳಿದುಕೊಂಡರೆ ಸಾಕಿತ್ತು, ಮಗು" ಎಂದರು ಗುರುಗಳು.