ಕೈ ತೆಗೆದ ಮೇಲೆ ಉಳಿದ ದನಿ

ಅದಕ್ಕೊಂದು ಹೆಸರಿತ್ತು. ಟ್ರಿಮ್ಮರೋ, ಟ್ರಮ್ಮರೋ... ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ಹೋಗಲಿ. ಹಳೆಯ ರೇಡಿಯೋದ ಬೆನ್ನೊಳಗಿನ ಸಣ್ಣ ತಿರುಪುಗಳು. ಅವನ್ನು ತಿರುಗಿಸಿ ಸ್ಟೇಷನ್ನುಗಳನ್ನು ಸರಿಯಾದ ಜಾಗಕ್ಕೆ ತರುವ ಮೌನೇಶಾಚಾರಿ ಎಂಬವನು ನಾನು ಹುಟ್ಟಿದ ಊರಿನಲ್ಲಿದ್ದ. ಅದಕ್ಕೆ ಅವನು ಬಳಸುತ್ತಿದ್ದುದು ಬಿದಿರಿನ ಕಡ್ಡಿ. ಕಬ್ಬಿಣವಾಗಲಿ, ಕೈಯಾಗಲಿ ಹತ್ತಿರ ಬಂದರೆ ಸ್ವರ ಜಾಗ ಬಿಡುತ್ತದೆ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನೀಲವ್ವ ಎಂಬ ನೇಕಾರ ಹೆಂಗಸು ಅವನನ್ನು ಮನೆಗೆ ಕರೆಸಿದಳು. ಅವಳ ಗಂಡ ಹೊಳೆಯಲ್ಲಿ ಕೊಚ್ಚಿಹೋಗಿ ಎರಡು ವರ್ಷವಾಗಿತ್ತು. ಹೆಣ ಸಿಕ್ಕಿರಲಿಲ್ಲ. ಅವಳ ಅಣ್ಣ ಕಲ್ಲಪ್ಪ ಹೊಸ್ತಿಲಲ್ಲಿ ಕೂತಿದ್ದ. ತಂಗಿಯ ಉಡಿಕೆಗೆ, ಅಂದರೆ ಮರುಮದುವೆಗೆ, ಒಳ್ಳೆಯ ಮನೆಯವರು ಕೇಳಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

“ಅವರು ಇದರಾಗಿಂದ ಕರೀತಾರ್ರಿ, ಆಚಾರಿ. ದನಿ ಸ್ವಲ್ಪ ಸ್ವಚ್ಛ ಮಾಡಿಕೊಡ್ರಿ,” ಎಂದಳು ನೀಲವ್ವ, ಬೆನ್ನಿನ ಮುಚ್ಚಳ ತೆಗೆದಿಟ್ಟಿದ್ದ ರೇಡಿಯೋ ತೋರಿಸಿ.

“ನನ್ನ ತಂಗಿ ಪೆಟ್ಟಿಗೀ ಜೋಡಿ ಸಂಸಾರ ಮಾಡಾಕತ್ತಾಳ,” ಎಂದ ಕಲ್ಲಪ್ಪ. “ನಾಳೆ ಅದಕ್ಕ ರೊಟ್ಟಿನೂ ಬಡೀತಾಳ.”

ನೀಲವ್ವ ರೇಡಿಯೋದ ಬೆನ್ನೊಳಗೆ, ಬಲ್ಬಿನಂತೆ ಉರಿಯುವ ಗಾಜಿನ ವಾಲ್ವುಗಳ ನಡುವೆ ಕೈ ಚಾಚಿದಳು. ಸುಯ್ಯೆನ್ನುವ ಸದ್ದು ತಗ್ಗಿತು. ಆಳದಿಂದ ಒಂದು ಗಂಡು ದನಿ ಎದ್ದು ಬಂತು. “ನೀಲಾ... ಬಾ... ಇಲ್ಲಿ ತಂಪೈತಿ...”

ಕಲ್ಲಪ್ಪನ ನಗೆ ನಿಂತಿತು. ಅವನಿಗೂ ಕೇಳಿತ್ತು.

ಮೌನೇಶಾಚಾರಿ ಅವಳ ಕೈ ನೋಡಿದ. ಬೆರಳುಗಳ ಮೇಲೆ ಹಳೆಯ ಸುಟ್ಟ ಕಲೆ, ಮಣಿಕಟ್ಟಿನ ಮೇಲೆ ಹೊಸದು. ದಿನದಿಂದ ದಿನಕ್ಕೆ ಕೈ ಇನ್ನಷ್ಟು ಒಳಗೆ ಹೋಗುತ್ತಿತ್ತು.

“ಕೈ ತೆಗಿಯವ್ವಾ. ಒಳಗ ಕರೆಂಟ್ ಐತಿ. ಇನ್ನ ನಾಕು ಬೆರಳು ಮುಂದ ಹೋದರ ಜೀವ ಹೋಗ್ತದ. ಬಿಸಿಲು ಆ ಮಗ್ಗದ ಕಾಲಿಗೆ ಬರೋತನಕ ಕಾಯೋಣು. ತಾನಾಗೇ ಕರೆದರ ನಾ ಇದನ್ನ ಮುಟ್ಟೋದಿಲ್ಲ.”

ಅವಳು ಕೈ ತೆಗೆದಳು. ಮೂವರೂ ಕಾದರು. ಬಿಸಿಲು ಹರಿದು ಮಗ್ಗದ ಕಾಲು ಮುಟ್ಟಿತು. ಬರೀ ಸುಯ್.

“ಇನ್ನೊಮ್ಮೆ ಕೈ ಹಾಕಲೇನ್ರಿ?”

“ಹಾಕಿದರ ಕರೀತದ. ಅದಕ್ಕ ಬ್ಯಾಡ.”

ನೀಲವ್ವ ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ “ನಿಮ್ಮ ಕೆಲಸ ಮಾಡ್ರಿ” ಎಂದಳು.

ಬಿದಿರಿನ ಕಡ್ಡಿ ಒಂದೊಂದೇ ತಿರುಪನ್ನು ತಿರುಗಿಸಿತು. ಕೊನೆಗೆ ಎಲ್ಲರೂ ದೂರ ಸರಿದು ಕೂತರೂ ಕದಲದ ದನಿಯೊಂದು ಬಂತು. ಯಾರೋ ಒಬ್ಬಾಕೆ ಜೋಳದ ಪೇಟೆ ಧಾರಣೆ ಓದುತ್ತಿದ್ದಳು. ಅದನ್ನು ಕೇಳಿ ನೀಲವ್ವ ಅತ್ತಳು. ಗಂಡ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಮುಖ ತೊಳೆದು ಬಂದು, “ಅಣ್ಣಾ, ಆ ಮನಷ್ಯಾಗ ನೇಯಾಕ ಬರ್ತದೇನು?” ಎಂದು ಕೇಳಿದಳು.

ಅಣ್ಣ ತಂಗಿ ಮಾತಾಡುತ್ತ ಅಂಗಳಕ್ಕೆ ಹೋದರು. ಮೌನೇಶಾಚಾರಿ ಹಿಂದಿನ ಮುಚ್ಚಳ ಹಾಕಲು ಬಾಗಿದ. ಅವನ ಕೈ ವಾಲ್ವುಗಳ ಹತ್ತಿರ ಹೋಯಿತು. ಧಾರಣೆ ಮಸುಕಾಯಿತು. ಅದರ ಕೆಳಗಿನಿಂದ ಅವನ ಸತ್ತ ತಾಯಿ ಕರೆದಳು, ಬೇರೆ ಯಾರಿಗೂ ಗೊತ್ತಿಲ್ಲದ ಚಿಕ್ಕಂದಿನ ಹೆಸರಿನಲ್ಲಿ.

ಅವನ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆಳೆದುಕೊಂಡು ಮುಚ್ಚಳ ಬಿಗಿದ.

ನೀತಿ: ನಾವು ಕೈ ಹಾಕಿದಾಗ ಮಾತ್ರ ಕೇಳುವುದು ನಮ್ಮ ಆಸೆಯ ದನಿ, ಕೈ ತೆಗೆದ ಮೇಲೂ ಉಳಿಯುವುದೇ ನಿಜ. ಆಸೆ ಎಷ್ಟೇ ಸಿಹಿಯಾಗಿ ಕರೆದರೂ ಒಮ್ಮೆ ಕೈ ತೆಗೆದು ಕಾಯಬೇಕು. ನನ್ನ ಕಣ್ಣು ಮಂಜು, ಮೊಮ್ಮಗಳೇ; ಇಷ್ಟನ್ನು ನೀನೇ ಬರೆದಿಡು.